ಗಣಪತಿ ಪಟ್ಟಿಯಲ್ಲಿ ಒಂದು ಸಿಪಿಆರ್ ಗೊಂಬೆ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಮ್ಮ ವಯಸ್ಸಿನ ಎಷ್ಟೋ ಮಂದಿಗೆ ‘ಹೃದಯ ಸ್ತಂಭನ’ ಎಂಬ ಮಾತು ಮೊದಲ ಸಲ ಎದೆಗೆ ನಾಟಿತು. 2023ರಲ್ಲಿ ಸರ್ಕಾರ ಅವರದೇ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡಾಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಒಳ್ಳೆಯ ಯೋಜನೆ ಅದು. ಆದರೆ ಅದು ಆಸ್ಪತ್ರೆಯ ಬಾಗಿಲು ತಲುಪಿದವರಿಗೆ. ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಹೃದಯವೇ ನಿಂತು ಬಿದ್ದವರಿಗೆ?

ಆಗ ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಮುಂಡರಗಿಯಿಂದಾಗಲಿ ಲಕ್ಷ್ಮೇಶ್ವರದಿಂದಾಗಲಿ ಗದಗಕ್ಕೆ ಸುಮಾರು 40 ಕಿ.ಮೀ. ಲೆಕ್ಕ ನೀವೇ ಹಾಕಿ.

ಕಳೆದ ವರ್ಷ ನಮ್ಮ ಓಣಿಯ ಕಾಕಾ ಒಬ್ಬರು ಚಹಾದಂಗಡಿಯಲ್ಲಿ ಕುಸಿದರು. ಮುಖಕ್ಕೆ ನೀರು ಚಿಮುಕಿಸಿದರು, ಅಂಗಾಲು ತಿಕ್ಕಿದರು, ಉಳ್ಳಾಗಡ್ಡಿ ಮೂಸಿಸಿದರು. ನಾನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆ ಒತ್ತಬೇಕೆಂದು ಅಲ್ಲಿದ್ದವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಡಲು ವರ್ಷಗಟ್ಟಲೆ ಬೇಕಿಲ್ಲ. ಬಿದ್ದವರು ಕರೆದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎಇಡಿ ಯಂತ್ರ ಇದ್ದರೆ ಅದೇ ಮಾತಾಡಿ ದಾರಿ ತೋರಿಸುತ್ತದೆ. ಅಗತ್ಯವಿಲ್ಲದಿದ್ದರೆ ಶಾಕ್ ಕೊಡುವುದೇ ಇಲ್ಲ. ಓದಿದರೆ ಇಷ್ಟೇ. ಆದರೆ ಆ ಆಳ, ಆ ವೇಗ ಕೈಗೆ ಹತ್ತಬೇಕಾದರೆ ಗೊಂಬೆಯ ಮೇಲೆ ಬೆವರಿಳಿಯುವಂತೆ ಒತ್ತಿ ನೋಡಬೇಕು. ‘ತಮ್ಮಾ, ಎಲುಬು ಮುರದ್ರ?’ ಎಂದು ನಮ್ಮಜ್ಜಿ ಕೇಳಿದಳು. ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ.

ಡೆನ್ಮಾರ್ಕ್‌ನಲ್ಲಿ ಶಾಲೆಗಳಲ್ಲಿ, ಡ್ರೈವಿಂಗ್ ಲೈಸೆನ್ಸ್ ಪಡೆಯುವವರಿಗೆ ಇದನ್ನು ಕಲಿಸತೊಡಗಿದರು. ಸುತ್ತಲಿದ್ದವರೇ ಸಿಪಿಆರ್ ಮಾಡಿದ ಪ್ರಕರಣಗಳು 2001ರಲ್ಲಿ ಶೇ 21ರಷ್ಟಿದ್ದವು, 2010ಕ್ಕೆ ಶೇ 45ರ ಹತ್ತಿರ ಬಂದವು. ಬದುಕುಳಿದವರೂ ಹೆಚ್ಚಿದರು.

ನಮ್ಮಲ್ಲಿ ಕಲಿಸುವವರಾರು? ಗದಗದಲ್ಲೇ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ. ಕಲಿಯಲು ಜನ ಸೇರುವ ಜಾಗಗಳೂ ಸಿದ್ಧ: ಬೆಟಗೇರಿಯ ನೇಕಾರರ ಓಣಿ, ಲಕ್ಷ್ಮೇಶ್ವರದ ಹಮಾಲರು, ಶಿರಹಟ್ಟಿ ಫಕೀರೇಶ್ವರ ಜಾತ್ರೆಯ ಸ್ವಯಂಸೇವಕರು, ಮುಂಡರಗಿಯ ಸ್ತ್ರೀಶಕ್ತಿ ಸಂಘಗಳು. ಇಲ್ಲದ್ದು ಗೊಂಬೆ, ತರಬೇತುದಾರರ ಬಸ್ ಚಾರ್ಜು, ಆರೇಳು ತಿಂಗಳಿಗೊಮ್ಮೆ ಮತ್ತೆ ಕಲಿಸಲು ಸ್ವಲ್ಪ ಹಣ. ಎಇಡಿಗೆ ಲಕ್ಷದ ಆಸುಪಾಸು ಬೇಕು. ಗೊಂಬೆಗೆ ಅದರ ಸಣ್ಣ ಪಾಲು ಸಾಕು. ಯಂತ್ರ ಕೊಂಡು ಗೋಡೆಗೆ ತೂಗುಹಾಕಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಅದರ ಬ್ಯಾಟರಿ, ಎದೆಗೆ ಅಂಟಿಸುವ ಪ್ಯಾಡುಗಳಿಗೂ ಅವಧಿ ಇರುತ್ತದೆ, ಬದಲಿಸಲು ಯಾರಾದರೂ ದುಡ್ಡು ತೆಗೆದಿಡಬೇಕು. ಹಾಗಾಗಿ ನಗರಸಭೆ, ಪಂಚಾಯ್ತಿಗಳು ಯಂತ್ರಕ್ಕಿಂತ ಮೊದಲು ಸಂಘಗಳಿಗೆ ಹಣ ಕೊಡಲಿ ಎಂಬುದು ನನ್ನ ವಾದ. ಏಷ್ಯಾದ ಮೊದಲ ಸಹಕಾರ ಸಂಘವೆಂದು ಹೆಸರಾದದ್ದು 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಣ್ಣ ಸಣ್ಣ ಪಾಲು ಕೂಡಿಸಿ ದೊಡ್ಡ ಕೆಲಸ ಮಾಡುವುದು ನಮಗೆ ಹೊಸದಲ್ಲ.

ಈ ಸಲ ಚೌತಿಗೆ ಪಟ್ಟಿ ಎತ್ತುವಾಗ ಗೊಂಬೆಗೂ ಒಂದು ಪಾಲು ಇಡೋಣ ಎಂದು ನಮ್ಮ ಮಂಡಳಿಯಲ್ಲಿ ಕೇಳಿದೆ. ಡಿಜೆ ಖರ್ಚಿನಲ್ಲಿ ಕಡಿತ ಎಂದಾಗ ಅರ್ಧ ಮಂದಿ ಎದ್ದು ಹೋದರು. ಉಳಿದವರಲ್ಲಿ ಚಹಾದಂಗಡಿಯ ಅಣ್ಣನೂ ಇದ್ದ. ನೂರು ರೂಪಾಯಿ ಮೇಜಿನ ಮೇಲಿಟ್ಟು, ‘ಮೊದಲ ನನಗ ಕಲಸ್ರಿ’ ಎಂದ.