ಗಲ್ಲಾಪೆಟ್ಟಿಗೆಯ ನಾಣ್ಯ: ಅಚ್ಚಿನ ದೋಷವೋ, ಅನಂತರದ ಗಾಯವೋ?

ಕಳೆದ ವರ್ಷ ಲೆಕ್ಕಪರಿಶೋಧನೆಯ ನಿಮಿತ್ತ ಸಗಟು ಕಿರಾಣಿ ವರ್ತಕರೊಬ್ಬರ ಅಂಗಡಿಗೆ ಹೋಗಿದ್ದಾಗ, ನಗದು ಪುಸ್ತಕದ ಶಿಲ್ಕಿಗೂ ಗಲ್ಲಾಪೆಟ್ಟಿಗೆಯ ಹಣಕ್ಕೂ ಐದು ರೂಪಾಯಿಗಳ ವ್ಯತ್ಯಾಸ ಕಂಡುಬಂದಿತು. ವಿಚಾರಿಸಲಾಗಿ, ಮಾಲೀಕರು ದೇವರ ಪಟದ ಹಿಂದಿನಿಂದ ಐದು ರೂಪಾಯಿಯ ನಾಣ್ಯವೊಂದನ್ನು ತೆಗೆದು ತೋರಿಸಿದರು. ಅದರ ಮೇಲಿನ ಗೆರೆ ಟಂಕಸಾಲೆಯ ತಪ್ಪೆಂದೂ, ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯೆಂದೂ ಯಾರೋ ದೂರವಾಣಿಯಲ್ಲಿ ನಂಬಿಸಿ, 'ನೋಂದಣಿ ಶುಲ್ಕ'ವೆಂದು ಎರಡು ಸಾವಿರ ರೂಪಾಯಿ ಕೇಳಿದ್ದರಂತೆ. ಪುಣ್ಯಕ್ಕೆ ಹಣ ಇನ್ನೂ ಹೋಗಿರಲಿಲ್ಲ. ಉಗುರಿನಿಂದ ಸವರಿ ನೋಡಿದೆ. ಗೆರೆ ಒಳಕ್ಕೆ ಕೊರೆದಿತ್ತು.

ಪರೀಕ್ಷೆಯ ಮರ್ಮವೆಲ್ಲ ಇಲ್ಲಿಯೇ ಇದೆ. ನಾಣ್ಯದ ಚಿತ್ರ ಉಕ್ಕಿನ ಅಚ್ಚಿನಲ್ಲಿ ತಗ್ಗಾಗಿ ಇರುತ್ತದೆ. ಬಿಲ್ಲೆಯ ಮೇಲೆ ಒತ್ತಡ ಬಿದ್ದಾಗ ಉಬ್ಬಾಗಿ ಮೂಡುತ್ತದೆ. ಲಕ್ಷಾಂತರ ಏಟುಗಳಿಗೆ ಅಚ್ಚು ಬಿರುಕು ಬಿಟ್ಟರೆ ಆ ಬಿರುಕಿನೊಳಗೂ ಲೋಹ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬುಗೆರೆ ಕಾಣಿಸಿಕೊಳ್ಳುತ್ತದೆ. ಅಚ್ಚಿನ ಅಂಚು ಒಡೆದು ಬಿದ್ದರೆ ಆ ಭಾಗದಲ್ಲಿ ಚಿತ್ರವಿಲ್ಲದ ಲೋಹದ ಗುಬುಟು ಉಳಿಯುತ್ತದೆ. ಒಳಕ್ಕೆ ಕೊರೆದ ಗೆರೆ ಸಾಮಾನ್ಯವಾಗಿ ಟಂಕಸಾಲೆಯಿಂದ ಹೊರಬಿದ್ದ ಮೇಲಿನ ಗಾಯ. ಅದಕ್ಕೆ ಮುಖಬೆಲೆಗಿಂತ ಬಿಡಿಗಾಸೂ ಹೆಚ್ಚಿಗೆ ಬಾರದು.

ಅಕ್ಷರಗಳು ಎರಡೆರಡಾಗಿ ಕಂಡರೆ ತುಸು ಎಚ್ಚರ ಬೇಕು. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಎರಡು ಬಾರಿ ಸ್ಥಾನ ತಪ್ಪಿ ಮೂಡಿದ್ದರೆ ಎರಡನೆಯ ಅಕ್ಷರವೂ ದುಂಡಗೆ, ಪೂರ್ಣವಾಗಿ ಉಬ್ಬಿರುತ್ತದೆ. ಅಮೆರಿಕದ 1955ರ ಒಂದು ಸೆಂಟ್ ನಾಣ್ಯ ಇದಕ್ಕೆ ಪ್ರಸಿದ್ಧ ಉದಾಹರಣೆ. ಏಟು ಬೀಳುವಾಗ ಸಡಿಲವಾದ ಅಚ್ಚು ಕದಲಿದ್ದರೆ ಚಪ್ಪಟೆಯಾದ ಮೆಟ್ಟಿಲಿನಂತಹ ನೆರಳಷ್ಟೇ ಕಾಣುತ್ತದೆ. ಇದು ಹೇರಳ, ಬೆಲೆಯೂ ಅಷ್ಟಕ್ಕಷ್ಟೆ.

ನಮ್ಮ ವರ್ತಕ ಸಮುದಾಯಕ್ಕೆ ಹಳೆಯ ನಂಟಿರುವ ದೋಷವೊಂದಿದೆ. ಟಂಕಿತ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದಾಗ ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಸರಿಯಾದ ಚಿತ್ರವೂ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ಕನ್ನಡಿಯ ಪ್ರತಿಬಿಂಬದಂತೆ ತಿರುಗುಮುರುಗಾಗಿ, ತಗ್ಗಾಗಿಯೂ ಮೂಡುತ್ತದೆ. ಭಾರತದ ಸಂಗ್ರಾಹಕರು ಇದನ್ನು 'ಲಾಖಿ' ಎನ್ನುತ್ತಾರೆ. ತಿಜೋರಿಯಲ್ಲಿಟ್ಟರೆ ಲಕ್ಷ ಕೂಡುತ್ತದೆಂಬ ನಂಬಿಕೆ. ಮೂವತ್ತು ವರ್ಷಗಳ ವೃತ್ತಿಯಲ್ಲಿ ಯಾವ ಆಸ್ತಿ-ಹೊಣೆ ಪಟ್ಟಿಯಲ್ಲಿಯೂ ಅದರ ಪ್ರಭಾವ ನನ್ನ ಕಣ್ಣಿಗೆ ಬಿದ್ದಿಲ್ಲ!

ನಮ್ಮ ನಾಣ್ಯವನ್ನು ಮೇಲೆ-ಕೆಳಗೆ ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೆ ಕಾಣಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಇದ್ದರೆ ಅಚ್ಚು ತಿರುಗಿದೆಯೆಂದರ್ಥ. ಇಸವಿಯ ಕೆಳಗಿನ ಗುರುತಾದರೋ ದೋಷವಲ್ಲ. ನಕ್ಷತ್ರವಿದ್ದರೆ ಹೈದರಾಬಾದ್, ವಜ್ರಾಕೃತಿ ಮುಂಬಯಿ, ದುಂಡು ಚುಕ್ಕೆ ನೋಯ್ಡಾ. ಗುರುತೇ ಇಲ್ಲದಿದ್ದರೆ ಕೋಲ್ಕತ್ತಾ.

ಇದೇ ಅಜ್ಞಾನದಿಂದ ವ್ಯಾಪಾರಕ್ಕೆ ನೇರವಾಗಿ ತೊಂದರೆಯಾದದ್ದು ಹತ್ತು ರೂಪಾಯಿ ನಾಣ್ಯದ ವಿಷಯದಲ್ಲಿ. ಹತ್ತು ಕಿರಣಗಳಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂಬ ವದಂತಿಯಿಂದ ಎಷ್ಟೋ ಊರುಗಳಲ್ಲಿ ಅಂಗಡಿಯವರೂ ಗಿರಾಕಿಗಳೂ ಅದನ್ನು ಮುಟ್ಟದಾದರು. ಅದುವರೆಗೆ ಹೊರಬಂದ ಹದಿನಾಲ್ಕು ವಿನ್ಯಾಸಗಳೂ ಕಾನೂನುಬದ್ಧವೆಂದು ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು ಪ್ರಕಟಿಸಿತು. ವಿನ್ಯಾಸದ ಭೇದ ಬೇರೆ, ನಕಲಿ ಬೇರೆ. ಅನುಮಾನವಿದ್ದರೆ ತೂಗಿ ನೋಡಬಹುದು: ರೂಪಾಯಿ ಚಿಹ್ನೆಯೊಂದಿಗೆ 2011ರಲ್ಲಿ ಬಂದ ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ., ತೂಕ 7.71 ಗ್ರಾಂ.

ಹಳೆಯ ನಾಣ್ಯಗಳ ಖರೀದಿಯ ಹೆಸರಿನಲ್ಲಿ ತನ್ನ ನಾಮಧೇಯವನ್ನು ಬಳಸಿ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ. ಅಂತಹ ವ್ಯವಹಾರವನ್ನು ತಾನು ನಡೆಸುವುದೂ ಇಲ್ಲ, ಬೇರೆಯವರಿಗೆ ಅಧಿಕಾರ ಕೊಟ್ಟಿರುವುದೂ ಇಲ್ಲವೆಂದು ತಿಳಿಸಿದೆ. ನಿಜವಾದ ದೋಷನಾಣ್ಯ ಸಿಕ್ಕಿದರೆ ಉಜ್ಜಿ ಹೊಳಪು ಕೊಡದೆ, ಒಂದಿಬ್ಬರು ಅನುಭವಿ ನಾಣ್ಯಶಾಸ್ತ್ರಜ್ಞರಿಗೆ ಕೈಯಲ್ಲಿ ಕೊಟ್ಟು ತೋರಿಸುವುದು ಮೇಲು.

ಇನ್ನು ಲೆಕ್ಕದ ಮಾತು. ಗಲ್ಲದಿಂದ ತೆಗೆದ ನಾಣ್ಯದ ಮುಖಬೆಲೆಯನ್ನು ಅಂದೇ ಸ್ವಂತ ಜೇಬಿನಿಂದ ತುಂಬಿರಿ, ಇಲ್ಲವೇ ಮಾಲೀಕರ ವೈಯಕ್ತಿಕ ಹಿಂತೆಗೆತವೆಂದು ಬರೆಯಿರಿ. ಆ ಐದು ರೂಪಾಯಿಗಾಗಿ ನಾವು ಅಂದು ಮಧ್ಯಾಹ್ನವಿಡೀ ಚೀಟಿಗಳನ್ನು ತಿರುವಿ ಹಾಕಿದ್ದೆವು.