ಎರೆಮಣ್ಣಿನ ಹಿಡಿತ, ಕಡಲಾಳದ ಲಂಗರು

ಬಸವಕಲ್ಯಾಣ, ಹುಮನಾಬಾದ್ ಕಡೆಯ ಎರೆಹೊಲಗಳಲ್ಲಿ ಮಳೆಗಾಲದಲ್ಲಿ ನಡೆದಿದ್ದೀರಾ? ಹೂತ ಕಾಲನ್ನು ಥಟ್ಟನೆ ಎಳೆದರೆ ಚಪ್ಪಲಿ ಮಣ್ಣಿನ ಪಾಲು. ಪಾದವನ್ನು ಅತ್ತಿತ್ತ ಆಡಿಸಿ ನಿಧಾನವಾಗಿ ಎತ್ತಿದರೆ ಬಿಟ್ಟುಕೊಡುತ್ತದೆ. ಇದೇಕೆ ಹೀಗೆ?

ಜೇಡಿಮಣ್ಣಿನ ಕಣಗಳು 2 ಮೈಕ್ರಾನಿಗಿಂತ ಸಣ್ಣವು. ಅವುಗಳ ಸಂದಿನಲ್ಲಿರುವ ನೀರು ಬೇಗ ಹರಿಯಲಾರದು. ಪಾದವನ್ನು ರಭಸದಿಂದ ಎತ್ತಿದಾಗ ಅದರಡಿಯ ಜಾಗಕ್ಕೆ ನೀರು ಹೊತ್ತಿಗೆ ಬಂದು ಸೇರುವುದಿಲ್ಲ. ಅಲ್ಲಿ ಒತ್ತಡ ಕುಸಿಯುತ್ತದೆ, ಮೇಲಿನ ಒತ್ತಡ ಪಾದವನ್ನು ಅದುಮಿ ಹಿಡಿಯುತ್ತದೆ. ಸಾವಕಾಶ ಕೊಟ್ಟರೆ ನೀರು, ಗಾಳಿ ಒಳನುಸುಳಿ ಈ ಹೀರುವಿಕೆ ಇಲ್ಲವಾಗುತ್ತದೆ.

ಕಡಲ ತಳದಲ್ಲಿ ಲಂಗರು ಹೂಳುವ ಎಂಜಿನಿಯರುಗಳ ಲೆಕ್ಕಾಚಾರವೂ ಇದರ ಮೇಲೆಯೇ ನಿಂತಿದೆ. ವಿಶೇಷವೆಂದರೆ ಆ ಮಣ್ಣಿಗೂ ನಮ್ಮ ಹೊಲಕ್ಕೂ ನಂಟಿದೆ. ಹುಮನಾಬಾದಿನ ಕಾರಂಜಾ ಹೊಳೆ ಮಾಂಜ್ರಾದ ಮೂಲಕ ಗೋದಾವರಿ ಸೇರುತ್ತದೆ. ಬಸವಕಲ್ಯಾಣದ ಮುಲ್ಲಾಮಾರಿ ಕಾಗಿಣಾ, ಭೀಮೆಯರ ಮೂಲಕ ಕೃಷ್ಣೆಗೆ ಹೋಗುತ್ತದೆ. ದಖ್ಖನ್ನಿನ ಕರಿಗಲ್ಲು ಸವೆದು ಆದ, ನೀರು ಕುಡಿದು ಉಬ್ಬುವ ಈ ಜೇಡಿಯನ್ನು ಎರಡೂ ನದಿಗಳು ಬಂಗಾಳ ಕೊಲ್ಲಿಗೆ ಒಯ್ಯುತ್ತವೆ. ಅದೇ ಕೃಷ್ಣಾ–ಗೋದಾವರಿ ಕಡಲ ಪ್ರದೇಶ. ಅಲ್ಲಿ 2008ರಲ್ಲಿ, ಸುಮಾರು 1200 ಮೀಟರ್ ಆಳದ ನೀರಿನ ಮೇಲೆ ತೈಲ ತೆಗೆಯುವ ಹಡಗೊಂದನ್ನು ಲಂಗರು ಹಾಕಿ ನಿಲ್ಲಿಸಲಾಯಿತು. ಇಂಥ ಹಡಗಿನ ಲಂಗರುಗಳು ಕಿತ್ತುಬಂದರೆ ಹಡಗು ತೇಲಿ ಸರಿದು, ತೈಲದ ಕೊಳವೆಗಳೇ ಹರಿದುಹೋದಾವು.

ಆಳದ ಕಡಲಿಗೆ ಬಳಸುವ ಒಂದು ಬಗೆಯ ಲಂಗರು ಬೋರಲು ಹಾಕಿದ ಬಕೆಟ್ಟಿನಂತಿರುವ ಭಾರಿ ಉಕ್ಕಿನ ಕೊಳವೆ. ತನ್ನ ತೂಕದಿಂದಲೇ ಅದು ಕೆಸರಿನಲ್ಲಿ ಸ್ವಲ್ಪ ಇಳಿಯುತ್ತದೆ. ಬಳಿಕ ಒಳಗಿನ ನೀರನ್ನು ಪಂಪಿನಿಂದ ಹೊರತೆಗೆದರೆ ಸುತ್ತಲಿನ ನೀರಿನ ಒತ್ತಡವೇ ಅದನ್ನು ಕೆಳಕ್ಕೆ ತಳ್ಳುತ್ತದೆ. ಸುತ್ತಿಗೆ ಬೇಕಿಲ್ಲ! ಸರಪಳಿಯನ್ನು ಅದರ ತಲೆಗೆ ಕಟ್ಟುವುದಿಲ್ಲ. ಪಕ್ಕದಲ್ಲಿ, ಹೂತ ಉದ್ದದ ಸುಮಾರು ಮೂರನೆಯ ಎರಡು ಭಾಗ ಕೆಳಗೆ ಕಟ್ಟುತ್ತಾರೆ. ತಲೆಗೆ ಕಟ್ಟಿದ ಗೂಟವನ್ನು ಎತ್ತು ಜಗ್ಗಿ ಓರೆ ಮಾಡುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಮಣ್ಣಿನೊಳಗೆ ನಡೆಯುವುದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ನಮ್ಮಂಥವರಿಗೆ ಅದೊಂದು ತೊಂದರೆ. ಆದ್ದರಿಂದ ನೀವೇ ಮಾಡಿ ನೋಡಿ. ಬಕೆಟ್ಟಿನಲ್ಲಿ ನಾದಿದ ಹಸಿ ಎರೆಮಣ್ಣು ತುಂಬಿ. ದಾರ ಕಟ್ಟಿದ ಕೋಟಿನ ಗುಂಡಿಯನ್ನು ಅದರಲ್ಲಿ ಅಡ್ಡಲಾಗಿ ಹೂತು, ಸ್ಪ್ರಿಂಗ್ ತಕ್ಕಡಿಯಿಂದ ಮೇಲಕ್ಕೆಳೆಯಿರಿ. ಗುಂಡಿ ಮೇಲುಮೇಲೆ ಇದ್ದರೆ ಮಣ್ಣಿನ ಹೆಂಟೆಯೇ ಎದ್ದುಬರುತ್ತದೆ. ಅಗಲದ ನಾಲ್ಕೈದು ಪಟ್ಟು ಆಳಕ್ಕಿಳಿಸಿದರೆ ಮಣ್ಣು ಏಳದೆ, ಗುಂಡಿಯ ಸುತ್ತ ಹರಿದು ಕೆಳಗೆ ಸೇರುತ್ತದೆ. ಆಗ ಹಿಡಿತ ಎಷ್ಟು? ಒಂದು ಪದರ ಇನ್ನೊಂದರ ಮೇಲೆ ಜಾರದಂತೆ ತಡೆಯುವ ಮಣ್ಣಿನ ಬಲದ ಸುಮಾರು 12 ಪಟ್ಟು. ಆ ಬಲ ಚದರ ಮೀಟರಿಗೆ 1 ಟನ್ ಇದ್ದರೆ, 1 ಚದರ ಮೀಟರ್ ಫಲಕ 12 ಟನ್ ಎಳೆತಕ್ಕೆ ನಿಲ್ಲುತ್ತದೆ. ಇನ್ನೊಮ್ಮೆ ಹೂತು, ರಾಟೆಯ ಮೇಲಿಂದ ತುಸು ಕಡಿಮೆ ತೂಕ ಇಳಿಬಿಟ್ಟು ರಾತ್ರಿಯಿಡೀ ಬಿಡಿ. ಗುಂಡಿ ಎಷ್ಟು ಸರಿಯಿತೆಂದು ಬೆಳಿಗ್ಗೆ ಅಳೆಯಿರಿ.

ಬೇಸಿಗೆಯಲ್ಲಿ ಎರೆಭೂಮಿ ಬಿರಿದು ಗೂಟ ಸಡಿಲಾಗುತ್ತದೆ. ಕಡಲತಳಕ್ಕೆ ಬೇಸಿಗೆಯಿಲ್ಲ, ಆದರೆ ಬಿರುಗಾಳಿಯಿದೆ. ಅಲೆಗಳು ಸಾವಿರಾರು ಬಾರಿ ಜಗ್ಗಿದಾಗ ಲಂಗರಿನ ಸುತ್ತಲಿನ ಮಣ್ಣು ಕಲಕಿ ಮೆತ್ತಗಾಗುತ್ತದೆ. ಹೂಳುವಾಗಲೂ ಅದು ಕಲಕಿರುತ್ತದೆ. ಅದಕ್ಕೇ ಹೊಸ ಲಂಗರಿಗೆ ಕೂಡಲೇ ಪೂರ್ಣ ಭಾರ ಹೊರಿಸದೆ ಕೆಲಕಾಲ ಬಿಡುವುದು ಒಳ್ಳೆಯದು. ನೀರು ನಿಧಾನವಾಗಿ ಹಿಂಡಿಹೋಗಿ ಮಣ್ಣು ಮತ್ತೆ ಬಿಗಿಯಾಗುತ್ತದೆ.