ಹಳೆಯ ಇಗರ್ಜಿಯೂ ಊರಿನ ಚರಿತ್ರೆಯೂ

ಪ್ರಾರ್ಥನೆ ನಿಂತುಹೋದ ದೇವಮಂದಿರವನ್ನು ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಎರಡು ಉತ್ತರಗಳು ದೊರೆತಿವೆ. ಹಾಸನದ ಬಳಿ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯು ಹೇಮಾವತಿ ಜಲಾಶಯದ ಪಾಲಾಯಿತು. ಛಾವಣಿ ಕಳಚಿ ಗೋಡೆ ಬಿರಿದು ನಿಂತ ಅದನ್ನು ಜನರು ವಿನೋದಕ್ಕಾಗಿ ನೋಡಿ ಬರುತ್ತಾರೆ. ಮಡಿಕೇರಿಯ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಇಗರ್ಜಿಗೆ ಇದಕ್ಕಿಂತ ಉತ್ತಮವಾದ ಗತಿ ಲಭಿಸಿತು. ತುರುವೇಕೆರೆಯ ಪೌರರು ಈ ಎರಡನೆಯದನ್ನು ಸ್ವಲ್ಪ ವಿಚಾರಮಾಡಿ ನೋಡಬೇಕೆಂದು ನಮ್ಮ ಬಿನ್ನಹ.

1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತಷ್ಟೆ. 1850ರ ದಶಕದಲ್ಲಿ ಅವರು ಕೋಟೆಯಲ್ಲಿದ್ದ ವೀರಭದ್ರನ ಗುಡಿಯನ್ನು ತೆಗೆಸಿ, ಆ ಸ್ಥಳದಲ್ಲಿ ತಮ್ಮ ಇಗರ್ಜಿಯನ್ನು ಎಬ್ಬಿಸಿದರು. 1947ರಲ್ಲಿ ಆಳುವವರು ಹೊರಟರು. ಪ್ರಾರ್ಥನೆಗೆ ಬರುತ್ತಿದ್ದವರೂ ಅವರೊಡನೆಯೇ ಹೋದರು. ಅನಂತರ ಸರ್ಕಾರದ ಪ್ರಾಚ್ಯವಸ್ತು ಇಲಾಖೆಯವರು ಆ ಕಟ್ಟಡದಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದು, ಜೈನ ಶಿಲ್ಪಗಳನ್ನೂ ವೀರಗಲ್ಲುಗಳನ್ನೂ ಹಳೆಯ ಆಯುಧಗಳನ್ನೂ ಇರಿಸಿದರು. ಗುಡಿಯನ್ನು ತೆಗೆಸಿದುದು ಅನ್ಯಾಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಒಂದು ಕೆಡವಿದುದಕ್ಕೆ ಮತ್ತೊಂದನ್ನು ಕೆಡವಿದ್ದರೆ ಕೊಡಗಿಗೆ ಎರಡೂ ಇಲ್ಲದಂತಾಗುತ್ತಿತ್ತು. ಇಂತಹ ಸಂಗ್ರಹಾಲಯದ ಬಾಗಿಲಲ್ಲಿ ಮೊದಲು ಕಾಣಬೇಕಾದ ಫಲಕವು ಆ ನೆಲದ ಕಥೆಯನ್ನೇ, ಗುಡಿ ಮತ್ತು ಇಗರ್ಜಿಗಳೆರಡರದನ್ನೂ, ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದು.

ಕೊಡಗಿನ ಮಾತು ತೆಂಗಿನ ಸೀಮೆಗೇಕೆಂದು ವಾಚಕರು ಕೇಳಬಹುದು. ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲನೆಯ ಸಂಪುಟವು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾಗಿ, 1904ರ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಗೆ ಬಂದಿತು. ಅಕ್ಷರಗಳು ಕಾಗದದ ಮೇಲೆ ಉಳಿದುವು. ಕಲ್ಲುಗಳನ್ನು ಕಾಯುವ ಭಾರ ಮಾತ್ರ ಊರಿನವರದಾಗಿಯೇ ಉಳಿಯಿತು.

ತುರುವೇಕೆರೆಯು ಸಾಮಾನ್ಯ ಊರಲ್ಲ. 13ನೆಯ ಶತಮಾನದಲ್ಲಿ, ಹೊಯ್ಸಳರ ಮುಮ್ಮಡಿ ನರಸಿಂಹನ ಕಾಲದಲ್ಲಿ, ಸೋಮಣ್ಣ ದಂಡನಾಯಕನು ಅಗ್ರಹಾರವಾಗಿ ನೆಲೆಗೊಳಿಸಿದ ಪಟ್ಟಣವಿದು. ಚೆನ್ನಿಗರಾಯನ ಗುಡಿ, ಮೂಲೆ ಶಂಕರೇಶ್ವರನ ಗುಡಿ, ಗಂಗಾಧರೇಶ್ವರನ ಮುಂದೆ ಮಳೆಬಿಸಿಲುಗಳಿಗೂ ಹೊಳಪುಗುಂದದ ಆ ಕರಿಯ ಕಲ್ಲಿನ ನಂದಿ, ತಾಲ್ಲೂಕಿನ ವಿಘ್ನಸಂತೆಯಲ್ಲಿ 1286ರ ಲಕ್ಷ್ಮೀನರಸಿಂಹ: ಇವುಗಳಿಗೆ ಸಂಗ್ರಹಾಲಯವು ಬೇಕಾಗಿಲ್ಲ. ಪೂಜೆಗೊಳ್ಳುವ ಮೂರ್ತಿಯನ್ನು ಗಾಜಿನ ಪೆಟ್ಟಿಗೆಗೆ ತರುವುದನ್ನು ನಾವು ಎಂದಿಗೂ ಒಪ್ಪೆವು. ಆಶ್ರಯ ಬೇಕಾದುದು ದಿಕ್ಕಿಲ್ಲದ ಕಲ್ಲುಗಳಿಗೆ. ಹೊಲದ ಬದುವಿನಲ್ಲಿ ಒರಗಿದ ವೀರಗಲ್ಲು, ಬಟ್ಟೆಯೊಗೆಯುವ ಚಪ್ಪಡಿಯಾದ ಶಾಸನ, ಮೋರಿಗೆ ಹಾಸಿದ ಮಾಸ್ತಿಕಲ್ಲು, ಇವು ಯಾವ ತಾಲ್ಲೂಕಿನಲ್ಲಿಲ್ಲ? ಅವನ್ನು ತರುವಾಗಲೂ ಎಲ್ಲಿ, ಯಾವ ದಿಕ್ಕಿಗೆ ಮುಖಮಾಡಿದ್ದಿತೆಂದು ಬರೆದಿಟ್ಟು ತರತಕ್ಕದ್ದು. ತಾವು ತಿಳಿಯದ ಕಲ್ಲು ಅರ್ಧ ಮೂಕ.

ಕಲ್ಲಿನಿಂದಲೇ ಚರಿತ್ರೆ ಮುಗಿಯುವುದೂ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸಂಸಾರಗಳನ್ನು ಸಾಕಿದುದು ತೆಂಗು. ಕಾಯಿಯನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುವವರೆಗೆ ಹತ್ತು ಹನ್ನೆರಡು ತಿಂಗಳು ಕಾದು, ಆಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿಯನ್ನು ತೆಗೆಯುವ ತಾಳ್ಮೆಯ ವಿದ್ಯೆಯು ಯಾವ ಶಾಸನಕ್ಕೂ ಕಡಿಮೆಯದಲ್ಲ. ಅಂತಹ ಒಂದು ಅಟ್ಟವನ್ನೇ ಸಂಗ್ರಹಾಲಯದೊಳಗೆ ಕಟ್ಟಿ ತೋರಿಸಬಾರದೇಕೆ? ಜೊತೆಗೆ ಕಪಿಲೆಯ ಗಾಲಿ, ಕಲ್ಲುಗಾಣ, ಸೇರು, ಬಳ್ಳ, ಕೊಳಗಗಳು. ಮೆಟ್ರಿಕ್ ಅಳತೆ ಬಂದಮೇಲೆ ಹುಟ್ಟಿದ ಮಕ್ಕಳಿಗೆ ಕೊಳಗವೆಂದರೆ ಬರಿಯ ಮಾತಾಗಿಬಿಟ್ಟಿದೆ.

ಇದಕ್ಕೆ ಹೊಸ ಸೌಧವನ್ನು ಕಟ್ಟಿಸಬೇಕೆಂದು ಹೊರಟರೆ ಅಸ್ತಿವಾರದ ಕಲ್ಲೂ ಸಮಾರಂಭದ ಹಾರಗಳೂ ಮಾತ್ರ ಉಳಿಯುವ ಭಯವಿದೆ. ಕೆಲಸ ಮುಗಿದರೂ ಗೋಡೆ ಗಟ್ಟಿಯಾಗಿರುವ ಹಳೆಯ ಕಟ್ಟಡವೊಂದು ಸಾಕು. ಶಾಲೆಯಾಗಲಿ, ಛತ್ರವಾಗಲಿ, ಸರ್ಕಾರಿ ಕಚೇರಿಯಾಗಲಿ. ಮಡಿಕೇರಿಯಂತೆ ದೇವಮಂದಿರವೇ ದೊರೆಯುವ ಪಕ್ಷದಲ್ಲಿ ಆ ಮತಸ್ಥರ ಮನಃಪೂರ್ವಕವಾದ ಒಪ್ಪಿಗೆಯಿಲ್ಲದೆ ಬೀಗವನ್ನು ತೆಗೆಯಕೂಡದು. ಪಟ್ಟಣ ಪಂಚಾಯಿತಿಯವರು ಮೊದಲು ಛಾವಣಿಯ ಸೋರಿಕೆಯನ್ನು ನಿಲ್ಲಿಸಲಿ, ಶಾಸನ ಓದಬಲ್ಲ ಒಬ್ಬ ಪಾಲಕನಿಗೆ ಖಾಯಂ ಸಂಬಳವನ್ನು ಗೊತ್ತುಮಾಡಲಿ. ಗಾಜಿನ ಪೆಟ್ಟಿಗೆಗಳ ಮಾತನ್ನು ಆಮೇಲೆ ಆಡಬಹುದು.